ಬಾಳೆಹಣ್ಣಿನವಳ ಬರಿಗಾಲು

ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದವಳ ಕಾಲು ಕಂಡರೆ ನನಗೆ ಹೊಟ್ಟೆಕಿಚ್ಚು. ಕಲಬುರಗಿಯಿಂದ ಅಲ್ಲಿನ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ನಾನು ಮೆತ್ತನೆಯ ಬೂಟಿನಲ್ಲೂ ಕುಂಟುತ್ತಿದ್ದೆ. ನನ್ನ ಪಾದದ ಒಳಬದಿಗೆ ಹುಟ್ಟಿನಿಂದಲೇ ಒಂದು ಹೆಚ್ಚಿನ ಎಲುಬು, ಗಂಟಿನಂತೆ ಉಬ್ಬಿಕೊಂಡಿತ್ತು.

"ಒಂದೊಂದು ದೇಶದ ಮಂದ್ಯಾಗ ಇದು ಹೆಚ್ಚು, ಒಂದೊಂದ್ರಾಗ ಕಡಿಮಿ. ಭಾಳ ಮಂದಿಗಿ ನೋವೇ ಇರಂಗಿಲ್ಲ" ಎಂದಿದ್ದರು ಡಾಕ್ಟರು.

ಅವಳ ಬರಿಗಾಲಿನಲ್ಲೂ ಅದೇ ಜಾಗದಲ್ಲಿ ಅದೇ ಗಂಟು. ಆದರೂ ಬುಟ್ಟಿ ಹೊತ್ತು ಬಸ್ಸಿನಿಂದ ಬಸ್ಸಿಗೆ ಓಡುತ್ತಿದ್ದಳು. ನನ್ನನ್ನು ಕಂಡಾಗಲೆಲ್ಲ "ಸಾವಕಾಶ ಬರ್ರಿ ಅಕ್ಕೋರೆ" ಎಂದು ನಗುತ್ತಿದ್ದಳು. ಆ ನಗು ನನಗೆ ಚುಚ್ಚುತ್ತಿತ್ತು.

ಒಂದು ದಿನ ತಡೆಯಲಾಗದೆ, "ನಿನ್ನ ಕಾಲಾಗೂ ನನ್ನ ರೋಗನೇ ಅದ, ದವಾಖಾನಿಗಿ ತೋರ್ಸು" ಎಂದುಬಿಟ್ಟೆ. ಬಹಳ ಮಂದಿಗೆ ನೋವಿರುವುದಿಲ್ಲ ಎಂಬ ಮಾತನ್ನು ಬೇಕೆಂದೇ ನುಂಗಿಕೊಂಡೆ.

ಮರುವಾರ ಅವಳು ಬುಟ್ಟಿ ಕೆಳಗಿಟ್ಟು, ಗಂಟು ಒತ್ತಿಕೊಳ್ಳುತ್ತ ಕುಳಿತಿದ್ದಳು. "ನೀವು ಅಂದಾಗಿಂದ ನೋಯ್ಲಕತ್ತದ್ರೀ."

ನಾಚಿಕೆಯಿಂದ ಪಕ್ಕದಲ್ಲಿ ಕುಳಿತು ಡಾಕ್ಟರ ಉಳಿದ ಮಾತನ್ನೂ ಹೇಳಿದೆ.

"ಹಂಗಾರ ಅವತ್ತೇ ಯಾಕ ಹೇಳ್ಲಿಲ್ರೀ?"

"ಮರ್ತಿದ್ದೆ."

ಅವಳು ನಂಬಿದಳು. ಎದ್ದು ನಿಂತು, ಬುಟ್ಟಿ ತಲೆಗೇರಿಸಲು ನನ್ನ ಕೈ ಕೇಳಿದಳು.