ದೇಗದ ಟ್ರಾಲಿಗೆ ಕಾರು ನೋಡಿದ್ದು

ಗೋಕಾಕದಲ್ಲಿ ಯಾರೂ ತಾವಾಗಿ ಕಾರು ಕೊಳ್ಳುವುದಿಲ್ಲ. ಓಣಿ ಕೊಳ್ಳುತ್ತದೆ. ಕಾಗದಪತ್ರ ಮಾತ್ರ ನಮ್ಮ ಹೆಸರಿಗೆ ಆಗುತ್ತದೆ. ಡೀಸೆಲ್ ಕಾರೊಂದನ್ನು ನೋಡುತ್ತಿದ್ದೇವೆ ಎಂದು ನನ್ನ ಗಂಡ ಚಹದಂಗಡಿಯಲ್ಲಿ ಮಾತು ಬಿಟ್ಟದ್ದೇ ತಡ, ಸಂಜೆಗೆ ನಮ್ಮ ಹೊಸ್ತಿಲ ಮುಂದೆ ಚಪ್ಪಲಿಗಳ ರಾಶಿ ಬಿತ್ತು. ನಮ್ಮ ಮನೆಮಾತು ಉರ್ದು. ಆದರೆ ಗಾಡಿಯ ವಿಷಯ ಬಂದರೆ ಎಲ್ಲರೂ ಕನ್ನಡಕ್ಕೆ ಹೊರಳುತ್ತೇವೆ, ಇಲ್ಲದಿದ್ದರೆ ಓಣಿಯವರಿಗೆ ಬಾಯಿ ಹಾಕಲು ಅನುಕೂಲವಾಗುವುದಿಲ್ಲ.

ನಮ್ಮದು ಮದುವೆ ಅಡುಗೆಯ ಕೆಲಸ. ನನ್ನ ಅಪ್ಪ ಬಿಟ್ಟುಹೋದ ತಾಮ್ರದ ದೇಗಗಳಿವೆ, ಒಂದೊಂದರಲ್ಲಿ ಒಂದು ಆಡನ್ನು ನಿಲ್ಲಿಸಬಹುದು, ಅಷ್ಟು ದೊಡ್ಡವು. ಅವನ್ನು ಹೊತ್ತುಕೊಂಡು ಇತ್ತ ಮೂಡಲಗಿ, ಅತ್ತ ಹುಕ್ಕೇರಿಯವರೆಗೆ ಮದುವೆಗಳಿಗೆ ಹೋಗುತ್ತೇವೆ. ಒಲೆಯ ಮುಂದೆ ಗಂಡ, ಸ್ಟೇರಿಂಗಿನ ಮುಂದೆ ನಾನು. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿ ಒಮ್ಮೆ ಮೇಲವಂಕಿಯ ಹತ್ತಿರ ಯಾರದೋ ಕಬ್ಬಿನೊಳಗೆ ಇಳಿಸಿದ ಮೇಲೆ, ‘ಹೊಗಿ ಕುಡದ ಕಣ್ಣು, ರಸ್ತಾ ಕಾಣಂಗಿಲ್ಲ’ ಎಂಬ ಕಾರಣ ಹುಟ್ಟಿಕೊಂಡಿತು. ಅದೇ ಕಣ್ಣಿಗೆ ಬಿರಿಯಾನಿಯ ದೇಗದಲ್ಲಿ ಒಂದು ಲವಂಗ ಹೆಚ್ಚು ಬಿದ್ದರೂ ಕಾಣುತ್ತದೆ.

ಇಷ್ಟು ವರ್ಷ ಒಂದು ಟೆಂಪೋ ಇತ್ತು. ಅದು ದಾರಿಯಲ್ಲೇ ಪ್ರಾಣ ಬಿಟ್ಟಿತು. ಇನ್ನೊಂದು ಟೆಂಪೋ ತಂದರೆ ಮುಗಿಯುತ್ತಿತ್ತು. ಆದರೆ ಟೆಂಪೋದಲ್ಲಿ ಬಂದ ಅಡುಗೆಯವರಿಗೆ ಮಂಗಲ ಕಾರ್ಯಾಲಯದವರು ಹಿಂದಿನ ಬಾಗಿಲು ತೋರಿಸುತ್ತಾರೆ, ಕಾರಿನಲ್ಲಿ ಬಂದವರಿಗೆ ಗುಲಾಬಿ ನೀರು ಚಿಮುಕಿಸುತ್ತಾರೆ. ಈ ಸತ್ಯವನ್ನು ಕಂಡುಹಿಡಿದವರು ನನ್ನ ಗಂಡ. ಹಾಗಾಗಿ ಮೂಡಲಗಿಯ ಒಬ್ಬ ವೆಲ್ಡಿಂಗಿನವರ ಹತ್ತಿರ ದೇಗಗಳಿಗೆ ಟ್ರಾಲಿ ಮಾಡಿಸಿದೆವು, ಕಾರಿನ ಹಿಂದೆ ಹುಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವಂಥದ್ದು. ಜೀನು ಸಿದ್ಧವಾಯಿತು, ಕುದುರೆ ಬೇಕಾಗಿತ್ತು.

ಕಾರುಗಳು ಎರಡು ಸಿಕ್ಕವು. ಒಂದು ಹುಕ್ಕೇರಿಯದು, ಹಳೆಯದು, ಪೆಟ್ಟಿಗೆಯಂಥ ಮೈಕಟ್ಟು. ಅದರ ಮಾಲೀಕರು ನಿವೃತ್ತ ಸರಕಾರಿ ನೌಕರರು. ‘ಮಗಳ ಹಂಗ ಸಾಕೇನ್ರಿ’ ಎನ್ನುತ್ತಿದ್ದರು. ಮಗಳನ್ನು ಯಾಕೆ ಮಾರುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಇನ್ನೊಂದು ಮೂಡಲಗಿಯ ಕಾಳಿನ ವ್ಯಾಪಾರಿಯೊಬ್ಬರದು, ಹೊಸ ನಮೂನೆಯ ಡೀಸೆಲ್ಲು, ಒಳಗೆ ಎಸಿ, ಮುಂದೆ ಟಿವಿಯಂಥ ಪರದೆ. ಹಿಂದೆ ಸರಿಯುವಾಗ ಏನಾದರೂ ಅಡ್ಡ ಬಂದರೆ ಕೊಂಯ್ ಕೊಂಯ್ ಎಂದು ಕೂಗುತ್ತದೆ.

ಎಲ್ಲರಿಗೂ ಚರ್ಚೆ ಇಂಜಿನ್ನಿನದು. ನನಗೆ ಮಾತ್ರ ಕ್ಲಚ್ಚಿನದು. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಉಳ್ಳಾಗಡ್ಡಿ ಸುಲಿದು ನನ್ನ ಎಡ ಮೊಣಕಾಲು ಸವೆದಿದೆ. ಹಳೆಯ ಕಾರಿನ ಕ್ಲಚ್ಚು ಬಾವಿಯ ರಾಟೆಯಷ್ಟು ಬಿಗಿ, ಹೊಸದರದು ನಾದಿದ ಹಿಟ್ಟಿನಷ್ಟು ಮೆತ್ತಗೆ. ಹಳೆಯದು ಬಂದರೆ ನನ್ನಿಂದ ಓಡಿಸಲಾಗುವುದಿಲ್ಲ. ಓಡಿಸಲಾಗದಿದ್ದರೆ ನನ್ನ ಭಾವ, ಅಂದರೆ ಗಂಡನ ಅಣ್ಣ, ಸ್ಟೇರಿಂಗ್ ಹಿಡಿಯುತ್ತಾರೆ. ಅವರು ಹಿಡಿದದ್ದನ್ನು ಬಿಟ್ಟ ಇತಿಹಾಸವಿಲ್ಲ. ಆಮೇಲೆ ನಾನು ಮನೆಯಲ್ಲಿ ಕೂತು ಉಳ್ಳಾಗಡ್ಡಿ ಸುಲಿದು ಕಳಿಸುವವಳು. ಬೆಳಗಿನ ಹೊತ್ತು ಹುಕ್ಕೇರಿ ರಸ್ತೆಯಲ್ಲಿ ಗಾಡಿ ಹೋಗುತ್ತಿರುವಾಗ ನನ್ನನ್ನು ಯಾರೂ ನೀರು ಕೊಡು, ಚಹಾ ಇಡು ಎನ್ನುವುದಿಲ್ಲ. ನನ್ನ ಜೀವಮಾನದಲ್ಲಿ ಅಂಥ ಜಾಗ ಅದೊಂದೇ. ಅದು ಹೋಗುತ್ತದಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ನ್ಯಾಯ ಹೇಳಲು ಯಮಕನಮರಡಿಯಿಂದ ನನ್ನ ಮಾಮೂ ಬಂದರು. ಅಮ್ಮನ ತಮ್ಮ, ಜೀವನವಿಡೀ ಹೈವೇಯಲ್ಲಿ ಲಾರಿ ಓಡಿಸಿದವರು. ಅವರು ಬಸ್ಸಿಳಿಯುವ ಮೊದಲೇ ತೀರ್ಪು ಸಿದ್ಧವಿತ್ತು.

“ಹೊಸಾದು ಕೆಟ್ರ ಬೆಳಗಾವಿಯಿಂದ ಲ್ಯಾಪ್‌ಟಾಪ್ ಬರಬೇಕು. ಹಳೇದು ಕೆಟ್ರ ಒಂದ ಪಾನಾ, ಒಂದ ಬೈಗುಳ ಸಾಕು,” ಎಂದರು.

“ಹಳೇದರ ಆರ್‌ಟಿಓ ಪಾಸಿಂಗ್ ಮುಗಿಯಾಕ ಬಂದೈತ್ರಿ ಮಾಮೂ. ಮತ್ತ ಅದಕ್ಕ ಓಡಾಡಬೇಕು,” ಎಂದೆ.

“ಓಡಾಡಾಕ ಗಂಡಸರು ಅದಾರಲ್ಲ,” ಎಂದರು ಭಾವ.

ಗಂಡಸರು ಇದ್ದರು, ನಿಜ. ಮನೆ ತುಂಬ ಇದ್ದರು. ನಾನು ಗಂಡನ ಮುಖ ನೋಡಿದೆ. ಅವರು ಚಹಾದ ಬಸಿಯನ್ನು ನೋಡುತ್ತಿದ್ದರು. “ಎಳದ ನೋಡೂಣು. ಯಾವುದು ಎಳೀತೈತಿ ಅದ,” ಎಂದರು.

ನಮ್ಮ ಕಡೆ ಎತ್ತಾಗಲಿ ಟ್ರ್ಯಾಕ್ಟರಾಗಲಿ ಅಳಿಯನಾಗಲಿ, ಎಳೆಯಬಲ್ಲದೇ ಎಂದು ನೋಡಿಯೇ ಒಪ್ಪುವುದು. ಹಾಗೆ ಒಂದು ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ, ಊರ ಹೊರಗಿನ ಗುಡ್ಡದ ಏರಿನ ಕೆಳಗೆ ಎರಡೂ ಕಾರು ಬಂದು ನಿಂತವು; ಮೂಡಲಗಿಯ ವ್ಯಾಪಾರಿ ತಾವು ಬಾರದೆ ಕಾರನ್ನಷ್ಟೇ ಕಳಿಸಿದ್ದರು. ದೇಗಗಳಿಗೆ ಹತ್ತಿರದ ಬೋರಿನಿಂದ ಕಂಠಮಟ್ಟ ನೀರು ತುಂಬಿದರು.

ಮೊದಲು ಹೊಸ ಕಾರಿಗೆ ಟ್ರಾಲಿ ಸಿಕ್ಕಿಸಿದರು. ಓಡಿಸುವವಳು ನಾನು. ಎಸಿ ಹಾಕುತ್ತಿದ್ದಂತೆ ಪರೀಕ್ಷಕರೆಲ್ಲ ಒಳಗೆ ಬಂದರು. ಮಾಮೂ ಮುಂದೆ, ಹಿಂದೆ ಭಾವ, ಗಂಡ, ಅವರ ಮೇಲೆ ಓಣಿಯ ಕೆಲವು ಹಿರಿಯರು, ಡಿಕ್ಕಿಯ ಕಡೆ ಒಬ್ಬ ಪರಿಚಯವಿಲ್ಲದ ಮನುಷ್ಯ. ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹುಕ್ಕೇರಿಯ ಮಾಲೀಕರೂ ತಮ್ಮ ಮಗಳನ್ನು ಬಿಸಿಲಲ್ಲಿ ಬಿಟ್ಟು ಇದರಲ್ಲೇ ಕೂತರು. ಕಾರು ಏರಿನಲ್ಲಿ ಏದುಸಿರು ಬಿಟ್ಟಿತು. ದೇಗಗಳ ನೀರು ದಾರಿಯುದ್ದಕ್ಕೂ ತುಳುಕಿ ಚೆಲ್ಲಿತು. ಆದರೂ ಮೇಲೆ ಮುಟ್ಟಿಸಿದೆ, ತಿರುಗಿಸಿಕೊಂಡು ಮೆತ್ತಗೆ ಕೆಳಗೂ ಇಳಿಸಿದೆ. ಇಳಿದದ್ದನ್ನು ಯಾರೂ ಗಮನಿಸಲಿಲ್ಲ. ಮಾಮೂ ತಂಪಿಗೆ ನಿದ್ದೆ ಹೋಗಿದ್ದರು.

ಆಮೇಲೆ ಹಳೆಯದರ ಸರದಿ. ಟ್ರಾಲಿ ಅದೇ, ದೇಗ ಅವೇ, ನೀರು ಮಾತ್ರ ಅರ್ಧ. ಮತ್ತೆ ತುಂಬಿಸಿ ಎಂದೆ. ‘ನೀರ ನೀರ ಐತಿ, ಎಷ್ಟ ವಜ್ಜಾ ಆಕ್ಕೈತಿ’ ಎಂದರು ಭಾವ. ಹಳೆಯ ಕಾರನ್ನು ಓಡಿಸಲು ಅವರೊಬ್ಬರೇ ಕೂತರು. ಉಳಿದವರೆಲ್ಲ ಹೊಸದರ ಎಸಿ ಬಿಟ್ಟು ಇಳಿಯಲಿಲ್ಲ. ಟ್ರಾಲಿ ಕಳಚಿದ ಹೊಸ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ನಾನು ಹಿಂದೆ ಹೊರಟೆ. ಹಳೆಯದು ಕರಿ ಹೊಗೆ ಬಿಡುತ್ತ ಸರಸರನೆ ಏರು ಹತ್ತಿತು. ಆ ಹೊಗೆ ನೋಡಿಯೇ ಎಲ್ಲರೂ ಶಹಬ್ಬಾಸ್ ಎಂದರು. ಹೊಗೆ ಬಿಡದ ಇಂಜಿನ್ನಿಗೆ ಕಸುವೆಲ್ಲಿಯದು?

ಗುಡ್ಡದ ಮೇಲೆ ಬೇವಿನ ನೆರಳಲ್ಲಿ ತೀರ್ಪಾಯಿತು. “ದಮ್ಮ ಅಂದ್ರ ಹಳೇದರದು,” ಎಂದರು ಮಾಮೂ, ಕಣ್ಣುಜ್ಜಿಕೊಳ್ಳುತ್ತ. ಅದರಲ್ಲಿ ಒಬ್ಬರೇ ಇದ್ದರು, ಇದರಲ್ಲಿ ಅರ್ಧ ಓಣಿ ಇತ್ತು ಎಂದು ನಾನು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಭಾವ ನೆನಪಿಸಿದರು. ಗಂಡ ‘ಹಳೇದ ಇರಲಿ’ ಎಂದಷ್ಟೇ ಹೇಳಿ ಬೇವಿನ ಕಡ್ಡಿ ಮುರಿದರು. ಹಳೇ ಗಂಡನ ಪಾದವೇ ಗತಿ ಎನ್ನುತ್ತಾರಲ್ಲ, ಆ ಗಂಡನ ಪಾದವನ್ನೇ ತುಳಿಯಬೇಕು ಅನಿಸಿತು.

ನನಗೆ ಪಿತ್ತ ನೆತ್ತಿಗೇರಿತ್ತು. “ಎಳದದ್ದಾತು. ನಿಲ್ಲತೈತೇನು ನೋಡೂಣು. ಇಳಕಲಿನ್ಯಾಗ ಟ್ರಾಲಿ ಕಟಗೊಂಡು ನಾನ ಇದನ್ನ ಇಳಸ್ತೇನಿ. ಎಲ್ಲಾರೂ ಇದರಾಗ ಕುಂದರ್ರಿ,” ಎಂದೆ.

ಬೇವಿನ ನೆರಳು ಒಮ್ಮೆಗೇ ಖಾಲಿಯಾಗತೊಡಗಿತು. ಭಾವನಿಗೆ ಅಸರ್ ನಮಾಜಿನ ಹೊತ್ತಾಗಿತ್ತು. ಶುಕ್ರವಾರ ಬಿಟ್ಟರೆ ಅವರು ಮಸೀದಿಯ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಮಾಮೂನಿಗೆ ಯಮಕನಮರಡಿಯ ಬಸ್ಸು ತಪ್ಪುತ್ತಿತ್ತು. ಹುಕ್ಕೇರಿಯವರು, “ಬ್ರೇಕಿನ ಆಯಿಲ್ ಒಮ್ಮಿ ನೋಡಬೇಕ್ರಿ,” ಎಂದು ಆ ದಿನ ಮೊದಲ ಬಾರಿಗೆ ಹೇಳಿದರು. ಎಲ್ಲರೂ ತಾವು ಬೇಡವೆಂದ ಕಾರಿನಲ್ಲಿ ಕೂತು, ಭಾವನ ಸಾರಥ್ಯದಲ್ಲಿ, ಗಾಜು ಏರಿಸಿಕೊಂಡು ಗುಡ್ಡ ಇಳಿದು ಹೋದರು. ಗಂಡ ಮಾತ್ರ ಉಳಿದು, ಹಳೆಯ ಕಾರಿನ ಬಾಗಿಲು ತೆಗೆದು ನನ್ನ ಬಾಜೂ ಕೂತರು.

ಇಳಿಜಾರಿನಲ್ಲಿ ಬರೀ ಬ್ರೇಕನ್ನು ನಂಬಬಾರದು, ಗೇರು ಇಳಿಸುತ್ತ ಬರಬೇಕು. ಗೇರು ಇಳಿಸಲು ಪ್ರತಿ ಸಲ ಕ್ಲಚ್ಚು ತುಳಿಯಬೇಕು. ತುಳಿದೆ. ಮೊಣಕಾಲಿನೊಳಗೆ ಕಬ್ಬಿಣದ ಸಳಿ ಚುಚ್ಚಿದಂತಾಯಿತು. ಹಿಂದೆ ಟ್ರಾಲಿ, ಮದುವೆ ಮನೆಯಲ್ಲಿ ಊಟದ ಸಾಲಿನವರು ನೂಕುವಂತೆ ನಮ್ಮನ್ನು ನೂಕತೊಡಗಿತು. ಎರಡೂ ಕಾಲು ಕೊಟ್ಟು ಬ್ರೇಕ್ ಒತ್ತಿ, ರಸ್ತೆ ಅಗಲವಿದ್ದ ಕಡೆ ಹೇಗೋ ನಿಲ್ಲಿಸಿದೆ. ಗಂಡ ಜಿಗಿದು ಗಾಲಿಗಳಿಗೆ ಕಲ್ಲು ಕೊಟ್ಟರು. ಮರಳಿ ಬಂದು ಕೂತವರು ನನ್ನ ಕಾಲನ್ನೇ ನೋಡಿದರು.

“ಇದನ್ನ ತುಳ್ಯಾಕ ನಿನಗ ಆಗಂಗಿಲ್ಲ ಅಂತ ನನಗ ಗೊತ್ತಿತ್ತು,” ಎಂದರು.

“ಗೊತ್ತಿದ್ದೂ ಹಳೇದ ಇರಲಿ ಅಂದ್ರಿ?”

“ಅದಕ ಅಂದೆ. ಗೋಡಿ ಹಿಡಕೊಂಡ ಏಳ್ತಿ, ದಿನಾ ನೋಡ್ತೇನಿ. ಓಡಸೂದು ಬಿಡು ಅಂದ್ರ ಬಿಡಾಕಿ ಅಲ್ಲ ನೀ. ಗಾಡೀನ ಬಿಡಿಸಿದ್ರ ಬಿಡ್ತಿ ಅಂತ.”

ನನಗೆ ಅಳು ಬಂತು. ಸಿಟ್ಟು ಅದಕ್ಕಿಂತ ಮೊದಲು ಬಂತು. ಇಷ್ಟು ಪ್ರೀತಿ ಇದ್ದ ಮನುಷ್ಯ ಅದನ್ನು ನನಗೆ ಹೇಳುವ ಬದಲು ಒಂದು ಕ್ಲಚ್ಚಿಗೆ ಹೇಳಿಕೊಟ್ಟಿದ್ದರಲ್ಲ! ಕೀಲಿ ತೆಗೆದು ಅವರ ಅಂಗೈಯಲ್ಲಿಟ್ಟೆ.

“ನಾ ಬಿಟ್ಟೆ ನೋಡ್ರಿ. ಇನ್ನ ನೀವ ನಡಸ್ರಿ.”

ಅವರು ಕೀಲಿಯನ್ನು ನೋಡಿದರು, ಕೆಳಗಿನ ಇಳಿಜಾರನ್ನು ನೋಡಿದರು. ಹೊಸ ಕಾರು ಆಗಲೇ ಕಣ್ಮರೆಯಾಗಿತ್ತು. “ನೀ ಓಡಸಲಿಲ್ಲಂದ್ರ ನಾ ಮನೀಗಿ ಹ್ಯಾಂಗ ಹೋಗ್ಲಿ?” ಎಂದರು.

“ನಾ ಓಡಸಲಿಲ್ಲಂದ್ರ ಮನಿ ಬಿಟ್ಟ ನಾ ಹ್ಯಾಂಗ ಹೋಗ್ಲಿ?” ಎಂದೆ.

ಅವರು ಇಳಿದು ಹೋಗಿ ದೇಗಗಳಲ್ಲಿ ಉಳಿದಿದ್ದ ನೀರನ್ನು ಬಗ್ಗಿಸಿ ರಸ್ತೆಗೆ ಚೆಲ್ಲಿದರು, ಹಿಂದಿನ ಭಾರ ಕಡಿಮೆಯಾಗಲಿ ಎಂದು. ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಬಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು.

“ಮೂಡಲಗಿಯ ಹೊಸಾ ಗಾಡಿಯವ್ರಿಗೆ ನಾ ಹೇಳ್ತೇನಿ,” ಎಂದರು. “ಓಡಸಾಕಿ ಕಬೂಲ್ ಅಂದಾಳ ಅಂತ.”

ನಾವು ಕಂಡ ಮದುವೆಗಳಿಗೆ ಲೆಕ್ಕವಿಲ್ಲ. ನಿಕಾಹದಲ್ಲಿ ಕಬೂಲ್, ಒಪ್ಪಿದೆ, ಎನ್ನುವುದು ಕೇಳಿದ ಮೇಲೆ ಬರುವ ಮಾತು ಎಂದು ಅವರಿಗೂ ಗೊತ್ತು.

“ನನ್ನ ಇನ್ನೂ ಯಾರೂ ಕೇಳೇ ಇಲ್ಲ,” ಎಂದೆ.

ಗಂಡ ಬಾಗಿಲ ಹೊರಗೆ ನಿಂತೇ ಇದ್ದರು. ತೊಯ್ದ ಕೈಯನ್ನು ತೊಯ್ದ ಅಂಗಿಗೇ ಒರೆಸಿಕೊಂಡು ಕೇಳಿದರು.