ಹಗ್ಗದಕ್ಕನ ಹನ್ನೊಂದು ಗಂಟು

ಬಂದಿದ್ದ ನೆಂಟರಲ್ಲಿ ಕೊನೆಯವರೂ ಮಂಗಳವಾರ ಸಂಜೆ ಬಸ್ಸು ಹತ್ತಿದರು. ಬುಧವಾರ ಬೆಳಿಗ್ಗೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಗಂಡನ ಅಂತ್ಯಕ್ರಿಯೆ ಆಗಿ ಮೂರು ವಾರವಾಗುತ್ತಾ ಬಂದಿತ್ತು. ಏನೂ ವಿಶೇಷವಿಲ್ಲದ ಮೊದಲ ಬೆಳಿಗ್ಗೆ ಅದು. ಹಾಲು ಉಕ್ಕಿತು, ಒರೆಸಿದೆ. ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದೆ. ಬಟ್ಟೆಯೆಲ್ಲ ತೆಗೆದ ಮೇಲೆ ಹಗ್ಗ ಕಾಣಿಸಿತು. ಅದು ನಮ್ಮ ಮನೆಯ ಹಗ್ಗವಾಗಿರಲಿಲ್ಲ.

ಹೆಬ್ಬೆರಳು ದಪ್ಪದ ನಾರಿನ ಹಗ್ಗ, ಕೆಸರಿನ ಬಣ್ಣ, ಅಲ್ಲಲ್ಲಿ ಗಂಟು. ಎರಡು ಕಂಬಗಳ ನಡುವೆ ಆರು ಸಾಲು ಬರುವಷ್ಟು ಉದ್ದ.

"ಅವನ ಬ್ಯಾಗಲ್ಲಿತ್ತಮ್ಮ," ಎಂದರು ಅತ್ತೆ. "ಮನೆ ತುಂಬ ಜನ. ಅಷ್ಟು ಬಟ್ಟೆ ಎಲ್ಲಿ ಹಾಕೋದು? ಹೊದಿಕೆ ಸರಿಸೋಕೆ ಗಂಟು ಅಡ್ಡ ಬರ್ತಿತ್ತು, ನಾಲ್ಕು ಬಿಚ್ಚಿದೆ. ಉಳಿದವಕ್ಕೆ ನನ್ನ ಬೆರಳು ಸೋತುಹೋಯ್ತು."

ಬ್ಯಾಗಿನ ಒಳಜೇಬಿನಲ್ಲಿ ಗಂಡನ ಕೈಬರಹದ ಚೀಟಿ ಇತ್ತು. 'ಹಗ್ಗದಕ್ಕನದು. ಗುರುವಾರ ವಾಪಸ್.' ಅವರು ನಗರದ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಬುಧವಾರ ಕಚೇರಿಯ ಮೆಟ್ಟಿಲ ಮೇಲೆ ಅವರ ಹೃದಯ ನಿಂತಿತು. ಗುರುವಾರ ಮಣ್ಣು ಮಾಡಿದೆವು.

ಹಕ್ಕಿ ನೋಡುವವರನ್ನು ಕೆಸರು ದಾಟಿಸುವ ಹಗ್ಗದಕ್ಕನ ಬಗ್ಗೆ ಪತ್ರಿಕೆಯ ಈ ಪುರವಣಿಗೆ ಬರೆಯುತ್ತೇನೆಂದು ನಾನು ಎರಡು ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದೆ. ಮರುದಿನ ಬೆಳಗಿನ ಜಾವ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ನಮ್ಮ ಈ ಸಣ್ಣ ಬಂದರು ಊರಿಗೆ ಪ್ರಕೃತಿ ನೋಡಲು ಬರುವವರು ಮೂರು ಕಡೆ ಹೋಗುತ್ತಾರೆ. ದೀಪಸ್ತಂಭದ ಗುಡ್ಡ, ಜೊಂಡಿನ ಕೆರೆ, ಆಮೇಲೆ ರೀವ ಹಕ್ಕಿಗಳ ನಡುಗಡ್ಡೆ. ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರದಲ್ಲಿ ಇರುವುದು ನಡುಗಡ್ಡೆಯ ಚಿತ್ರವೇ. ಆ ಚಿತ್ರದ ಮೂಲೆಯಲ್ಲಿ, ಕೆಸರಿನ ನಡುವೆ, ಕೆಂಪು ಬಟ್ಟೆ ಕಟ್ಟಿದ ಒಂದು ಕೋಲು ನಿಂತಿದೆ. ಅದನ್ನು ನೆಟ್ಟವರು ಯಾರೆಂದು ಯಾರೂ ಕೇಳಿದ್ದಿಲ್ಲ.

ಐದೂಮುಕ್ಕಾಲು. ಸಮುದ್ರ ಹಿಂದೆ ಸರಿದಿದೆ. ಎದುರಿಗೆ ಬೂದು ಬಣ್ಣದ ಕೆಸರು ಬಯಲು, ಆಚೆ ಒಂದೇ ಒಂದು ಎತ್ತರದ ಮರವಿರುವ ನಡುಗಡ್ಡೆ. ಐವತ್ತೆರಡು ವರ್ಷದ ಹಗ್ಗದಕ್ಕ ಮೊಣಕಾಲಿನವರೆಗೆ ಬಟ್ಟೆ ಎತ್ತಿ ಕಟ್ಟಿ, ಬಗಲಲ್ಲಿ ಕೋಲುಗಳ ಕಟ್ಟು ಇಟ್ಟುಕೊಂಡು ಇಳಿಯುತ್ತಾರೆ. ಹಿಮ್ಮಡಿ ಮೊದಲು ಊರುವುದಿಲ್ಲ, ಬೆರಳು ಮೊದಲು. ಕೆಸರು ಅವರ ಕಾಲನ್ನು ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ, ಸದ್ದಿಲ್ಲದೆ ಬಿಡುತ್ತದೆ. ನನ್ನ ಕಾಲು ಪ್ರತಿ ಹೆಜ್ಜೆಗೂ ಪಚಕ್ ಎನ್ನುತ್ತದೆ.

"ತಂಗೀ, ಕೆಸರನ್ನ ಬೈಯೋ ಹಾಗೆ ನಡೀಬೇಡ," ಎನ್ನುತ್ತಾರೆ, ತಿರುಗಿ ನೋಡದೆ. "ಮಗು ಮಲಗಿರೋ ಕೋಣೇಲಿ ಹೇಗೆ ನಡೀತೀಯ, ಹಾಗೆ."

ಅರ್ಧ ದಾರಿಯಲ್ಲೊಂದು ಬಂಡೆ. ಅದಕ್ಕೆ ಕಬ್ಬಿಣದ ಬಳೆ. ಅಲ್ಲಿಯವರೆಗೆ ಕಣ್ಣಳತೆಯಲ್ಲೇ ಹೋಗಬಹುದು. ಬಂಡೆಯಿಂದ ಮುಂದೆ ನಡುಗಡ್ಡೆಗೆ ನಲವತ್ತು ಮಾರು. ಎಷ್ಟೋ ಕಾಲದ ಹಿಂದೆ ಕುಸಿದ ಕಲ್ಲಿನ ಕಟ್ಟೆಯೊಂದು ಅಲ್ಲಿ ಕೆಸರಿನಡಿ ಅಂಕುಡೊಂಕಾಗಿ ಮಲಗಿದೆ. ಬಾಗಿಲಿನಷ್ಟು ಅಗಲ, ಅಷ್ಟೇ. ಆಚೀಚೆ ಕಾಲಿಟ್ಟರೆ ಸೊಂಟದವರೆಗೆ ಹೂಳು. ಇವತ್ತು ನೆಟ್ಟ ಕೋಲನ್ನು ಇವತ್ತಿನ ನೀರೇ ಕೊಂಡೊಯ್ಯುತ್ತದೆ; ಹೆಜ್ಜೆ ಗುರುತೂ ಉಳಿಯುವುದಿಲ್ಲ. ಉಳಿಯುವುದು ಹಗ್ಗದ ಗಂಟು ಮಾತ್ರ. ಒಂದು ತುದಿಯನ್ನು ಬಳೆಗೆ ಕಟ್ಟಿ ಹಗ್ಗ ಬಿಡುತ್ತಾ ಹೋಗಬೇಕು. ಒಂಟಿ ಗಂಟು ಕೈಗೆ ಸಿಕ್ಕರೆ ಕಟ್ಟೆ ಸಮುದ್ರದ ಕಡೆ ತಿರುಗಿದೆ ಎಂದರ್ಥ, ಜೋಡಿ ಗಂಟಾದರೆ ಊರಿನ ಕಡೆ. ಗಂಟಿಗೊಂದು ಕೋಲು. ಒಟ್ಟು ಹನ್ನೊಂದು.

ಈ ಗಂಟುಗಳನ್ನು ಮೊದಲು ಹಾಕಿದವರು ಚಿಪ್ಪು ಆಯುತ್ತಿದ್ದ ಅವರ ಅಪ್ಪ. ಹಳೆಯ ಹಗ್ಗ ಜೀರ್ಣವಾಗುವ ಮುಂಚೆ ಹೊಸದನ್ನು ಪಕ್ಕದಲ್ಲಿ ಚಾಚಿ ಗಂಟಿಗೆ ಗಂಟು ನಕಲು ಮಾಡುತ್ತಾರೆ. ಈಗಿನದು ಮೂರನೆಯದು. ಬೇರೆ ಪ್ರತಿ ಇಲ್ಲ; ಗಂಟುಗಳನ್ನು ಅಳೆದು ನಕ್ಷೆಗೆ ಇಳಿಸಲೆಂದೇ ನನ್ನ ಗಂಡ ಅದನ್ನು ಒಯ್ದಿದ್ದರು. ಮೊದಲನೆಯ ಹಗ್ಗ ಅವರ ಜೀವವನ್ನೂ ಉಳಿಸಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮಾತಾಡುತ್ತಾ ನಡೆದು, ಸೊಂಟದವರೆಗೆ ಹೂತುಹೋಗಿದ್ದರಂತೆ. ನೀರು ಎದೆಮಟ್ಟಕ್ಕೆ ಬಂದಾಗ ಅಪ್ಪ ಎಸೆದ ಹಗ್ಗ ಕೈಗೆ ಸಿಕ್ಕಿತು.

"ಆ ಹಗ್ಗದ ಮೊಮ್ಮಗಳು ಇದು," ಎಂದವರು, ಖಾಲಿ ಭುಜವನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

ಅದು ನನ್ನ ಚೀಲದಲ್ಲಿದೆ. ಚೀಲದ ಪಟ್ಟಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುತ್ತೇನೆ.

ಇಪ್ಪತ್ತಾರು ವರ್ಷಗಳಿಂದ ಇದು ಅವರ ಕೆಲಸ. ನೀರಿಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ, ಅವರ ಊಟ ನಿದ್ದೆಯೂ ಅದರ ಹಿಂದೆ ಹೋಗುತ್ತದೆ. ಕೈಗೆ ಸಿಗುವುದು ಎರಡೂವರೆ ಗಂಟೆ. ಕೋಲು ನೆಡಲು ನಲವತ್ತು ನಿಮಿಷ. ಆಮೇಲೆ ಹನ್ನೆರಡು ಜನರ ಒಂದು ಸಾಲು, ಹೋಗಿ ಬರಲು. ಹದಿಮೂರನೆಯವರು ಬಂದರೆ ನಾಳೆ ಬನ್ನಿ ಎನ್ನುತ್ತಾರೆ, ಅವರು ಯಾರೇ ಆಗಿರಲಿ. ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಕೂತು ರಾತ್ರಿಯೆಲ್ಲ ಉರಿಯುತ್ತದೆ. ಎಡ ಮೊಣಕಾಲು ಮಡಚುವುದಿಲ್ಲ. ಇಷ್ಟು ವರ್ಷದಲ್ಲಿ ಅವರ ಹಿಂದೆ ನಡೆದ ಒಬ್ಬರೂ ಹೂಳಿಗೆ ಬಿದ್ದಿಲ್ಲ. ಚಪ್ಪಲಿಗಳು ಬಿದ್ದಿವೆ.

ಮೂರು ವಾರದಿಂದ ಮಾತ್ರ ಅವರು ಬಂಡೆಯಿಂದ ಮುಂದೆ ಯಾರನ್ನೂ ಕರೆದೊಯ್ದಿಲ್ಲ. ಇವತ್ತು ಬಂದ ಒಂಬತ್ತು ಜನರೂ ಬಂಡೆಯ ಮೇಲೆ ನಿಂತು, ದೂರದ ಬಿಳಿ ಚುಕ್ಕೆಗಳನ್ನು ನೋಡಿ, ಫೋಟೊ ತೆಗೆದು ವಾಪಸಾಗುತ್ತಾರೆ. ದಡದ ಟಿಕೆಟ್ ಕಿಟಕಿಗೆ 'ನಡುಗಡ್ಡೆ ದಾರಿ ಮುಚ್ಚಿದೆ' ಎಂಬ ರಟ್ಟು ನೇತಾಡುತ್ತಿದೆ. ಕಿಟಕಿಯೊಳಗೆ ಹಗ್ಗದಕ್ಕನ ಮೈದುನ.

"ನಮ್ಮತ್ತಿಗೇನ ಕೇಳಿ ಮೇಡಂ," ಎನ್ನುತ್ತಾರೆ ಆತ. "ಹಗ್ಗ ರಿಪೇರಿಗೆ ಹೋಗಿದೆ ಅಂತ ಆಫೀಸಿಗೆ ಹೇಳಿದಾರೆ. ಹಗ್ಗಕ್ಕೆ ಏನ್ರೀ ರಿಪೇರಿ? ಅದಕ್ಕೇನು ಇಂಜಿನ್ ಇದೆಯಾ?"

"ನಿನ್ನ ತಲೆಗೂ ಇಂಜಿನ್ ಇಲ್ಲ, ನಡೀತಾ ಇಲ್ವಾ?" ಎನ್ನುತ್ತಾರೆ ಹಗ್ಗದಕ್ಕ.

"ನಗಿ ನಗಿ. ಶನಿವಾರ ಮೋಟಾರು ದೋಣಿ ಬಂದ ಮೇಲೆ ನಾನು ನಗ್ತೀನಿ."

ಸಂಗತಿ ಇದು. ದಾರಿ ತೆರೆಯದಿದ್ದರೆ ಶನಿವಾರದಿಂದ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯಲು ಪ್ರವಾಸೋದ್ಯಮ ಕಚೇರಿ ತೀರ್ಮಾನಿಸಿದೆ. ದೋಣಿ ಒಮ್ಮೆ ಬಂದರೆ ಕೋಲು ನೆಡುವವರು ಬೇಕಾಗುವುದಿಲ್ಲ. ಹಗ್ಗದಕ್ಕ ತಮ್ಮ ಕೆಲಸದ ಮಾತು ಎತ್ತುವುದಿಲ್ಲ. "ರೀವ ಬರೀ ಮರಳ ಮೇಲೆ ಮೊಟ್ಟೆ ಇಡೋ ಹಕ್ಕಿ," ಎನ್ನುತ್ತಾರೆ. "ಇಂಜಿನ್ ಸದ್ದಿಗೆ ತಾಯಿ ಎದ್ದುಹೋದ್ರೆ ಬಿಸಿಲಿಗೆ ಮೊಟ್ಟೆ ಬೇಯುತ್ತೆ. ಮರಿ ಹಾರೋಕೆ ಇನ್ನು ನಾಲ್ಕು ವಾರ. ಅಲ್ಲೀವರೆಗೆ ಆ ದೋಣಿ ಬರದಿದ್ರೆ ಸಾಕು ನಂಗೆ."

ಅವರು ಹೊರಳಿ ಮತ್ತೆ ಬಂಡೆಯ ಕಡೆ ಹೊರಡುತ್ತಾರೆ, ಪ್ರವಾಸಿಗರು ಮರೆತ ನೀರಿನ ಬಾಟಲಿ ತರಲು. ನಾನೂ ಹೋಗುತ್ತೇನೆ. ಬಂಡೆಯ ಮೇಲೆ ಚೀಲ ಬಿಚ್ಚುತ್ತೇನೆ.

"ಕೇಳಬಹುದಿತ್ತಲ್ಲ, ಅಕ್ಕ."

"ಮಣ್ಣಿಗೆ ಬಂದಿದ್ದೆ. ಹಿಂದೆ ನಿಂತಿದ್ದೆ. ನಿನ್ನ ಮುಖ ನೋಡಿ ಹಗ್ಗ ಕೇಳೋದಾ?"

ಗಂಟು ಬಿಚ್ಚಿದ್ದನ್ನು ಹೇಳುತ್ತೇನೆ. ಬಟ್ಟೆ, ಹೊದಿಕೆ, ಅತ್ತೆಯ ಬೆರಳು, ಎಲ್ಲ. ಅವರು ಬಂಡೆಯ ಮೇಲೆ ಕೂರುತ್ತಾರೆ. ಹಗ್ಗವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ತುದಿಯಿಂದ ಬೆರಳಲ್ಲಿ ಸಾಗಿಸುತ್ತಾರೆ. ಏಳು ಗಂಟು ಎಣಿಸಿ ಮುಗಿಸುತ್ತಾರೆ.

"ನಿಮ್ಮತ್ತೆಗೆ ಎಷ್ಟು ವಯಸ್ಸು?"

"ಎಪ್ಪತ್ತೊಂದು."

"ಒಂಬತ್ತು ವರ್ಷ ಉಪ್ಪು ಕುಡಿದ ಗಂಟು. ನನ್ನ ಕೈಲೂ ಆಗ್ತಿರಲಿಲ್ಲ. ಕೋಲು ಹೊರೋಕೆ ಕಳಿಸು ಅವರನ್ನ."

ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಈ ಸಲ ಹಗ್ಗವನ್ನು ಬೆಳಕಿಗೆ ಹಿಡಿದು. ಒಂದು ಕಡೆ ನಿಲ್ಲಿಸಿ ನನಗೆ ತೋರಿಸುತ್ತಾರೆ. ಕಂದು ಬಣ್ಣದ ನಡುವೆ ಬೆರಳಗಲದ ಒಂದು ಪಟ್ಟೆ, ಹೊಸ ನಾರಿನಷ್ಟು ಬಿಳಿ. ಗಂಟಿನ ಒಳಗಿದ್ದ ಭಾಗ ಅದು. ಕೆಸರು ಅಲ್ಲಿಗೆ ತಲುಪಿಲ್ಲ. ಪಟ್ಟೆ ಗಿಡ್ಡವಾದರೆ ಒಂಟಿ, ಉದ್ದವಾದರೆ ಜೋಡಿ. ಒಂದು ಸಿಗುತ್ತದೆ. ಎರಡು. ಮೂರು. ಹಲ್ಲಿನಿಂದ ಎಳೆದು ಬಿಗಿಯುತ್ತಾರೆ. ನಾಲ್ಕನೆಯದು ಸಿಗುವುದಿಲ್ಲ. ಹಿತ್ತಲ ಬಿಸಿಲಿಗೆ ಹಗ್ಗದ ಆ ಸಾಲು ಪೂರ್ತಿ ಬೆಳ್ಳಗಾಗಿದೆ.

"ಹನ್ನೊಂದನ್ನೂ ಹುಡುಕೋಕೆ ಹೋದ್ರೆ ನೀರು ಬಂದುಬಿಡುತ್ತೆ. ಒಂದನ್ನ ಹುಡುಕಬಹುದು," ಎಂದು ಬಂಡೆಯ ಬಳಿ ಇಳಿಸಿದ್ದ ಕೋಲುಗಳ ಕಟ್ಟು ಎತ್ತಿಕೊಂಡು ಏಳುತ್ತಾರೆ. "ನೀನು ಬಳೆಗೆ ಕಟ್ಟಿದ ತುದಿ ಹತ್ರ ನಿಂತು ಹಗ್ಗ ಹಿಡ್ಕೋ. ಜಗ್ಗಬೇಡ, ಸಡಿಲಾನೂ ಬಿಡಬೇಡ."

ಹಿಡಿಯುತ್ತೇನೆ. ಒಂದೊಂದೇ ಗಂಟು ಅವರ ಅಂಗೈ ದಾಟಿ ಹೋಗುತ್ತದೆ, ಒಂದೊಂದೇ ಕೋಲು ನಿಲ್ಲುತ್ತದೆ. ಎಂಟು ಕೋಲಾದ ಮೇಲೆ ಅವರು ನಿಲ್ಲುತ್ತಾರೆ. ಎದುರಿಗೆ ಚುಚ್ಚಿದ ಕೋಲು ಸದ್ದಿಲ್ಲದೆ ಅರ್ಧ ಮುಳುಗುತ್ತದೆ. ಎಳೆದು, ಗೇಣು ಪಕ್ಕಕ್ಕೆ ಚುಚ್ಚುತ್ತಾರೆ. ಮತ್ತೆ ಮುಳುಗುತ್ತದೆ. ದೂರದಲ್ಲಿ ನೀರಿನ ಗೆರೆ ದಪ್ಪವಾಗಿದೆ. ನಾನು ಎಣಿಸುತ್ತಿಲ್ಲ, ಬಹಳ ಸಲ ಆಗಿರಬೇಕು. ಆಮೇಲೆ ಒಣ ಸದ್ದೊಂದು ಕೇಳುತ್ತದೆ, ಬಾಗಿಲು ತಟ್ಟಿದ ಹಾಗೆ. ಕಲ್ಲು. ಅವರು ಹಗ್ಗವನ್ನು ಅಲ್ಲೇ ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಜೋಡಿ ಗಂಟು ಹಾಕುತ್ತಾರೆ.

ಹನ್ನೊಂದನೆಯ ಕೋಲು ನಡುಗಡ್ಡೆಯ ಮರಳಲ್ಲಿ ನಿಂತಾಗ ಒಂದೂ ಹಕ್ಕಿ ಮೇಲೇಳುವುದಿಲ್ಲ.

ನಾವು ದಡ ಸೇರುವಾಗ ನೀರು ಕಣಕಾಲಿಗೆ ಬಂದಿದೆ. ಮೈದುನ ಕೋಲುಗಳ ಸಾಲು ನೋಡಿ ರಟ್ಟನ್ನು ಇಳಿಸಿ, ಫೋನು ಎತ್ತಿಕೊಂಡು, ಶನಿವಾರ ದೋಣಿ ಬೇಕಾಗಿಲ್ಲ ಎಂದು ಕಚೇರಿಗೆ ಹೇಳುತ್ತಾರೆ. "ರಿಪೇರಿ ಆಯ್ತಂತೆ ಸಾರ್," ಎನ್ನುವುದು ಕೇಳಿಸುತ್ತದೆ.

ಹಗ್ಗದಕ್ಕ ಹಗ್ಗವನ್ನು ಮೊಣಕೈಗೆ ಸುತ್ತಿ ಭುಜಕ್ಕೆ ಏರಿಸಿಕೊಳ್ಳುತ್ತಾರೆ. ಅಲ್ಲಿ ಬಟ್ಟೆ ಸವೆದು ಅದಕ್ಕೊಂದು ಜಾಗ ಆಗಿಹೋಗಿದೆ. ಕೊಡುವುದು ತುಂಬ ತಡವಾಯಿತು ಎನ್ನುತ್ತೇನೆ.

"ತಡ ಎಲ್ಲಿ?" ಎನ್ನುತ್ತಾರೆ. "ಗುರುವಾರ ಕೊಡ್ತೀನಿ ಅಂದಿದ್ರು ನಕ್ಷೆ ಸಾರು. ಇವತ್ತು ಗುರುವಾರಾನೇ ಅಲ್ವಾ."