ಗಂಜಿ ಬಸಿಯುವ ಸ್ಟ್ಯಾಂಡು

ನಿವೃತ್ತಳಾದ ಮೇಲೂ ನಾನು ಗುರುವಾರ ತಪ್ಪದೆ ಮುನವಳ್ಳಿಯ ನಮ್ಮ ಶಾಲೆಗೆ ಹೋಗುತ್ತೇನೆ. ಮೊದಲು ನೀರಿನ ಟಾಕಿ, ಆಮೇಲೆ ಶೌಚಾಲಯ, ಕೊನೆಗೆ ಅಡುಗೆಮನೆ. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಹಾಕುತ್ತಿದ್ದ ಸುತ್ತು ಅದು. ಈಗಿನ ಮುಖ್ಯೋಪಾಧ್ಯಾಯರು ಸಹಿಸಿಕೊಂಡಿದ್ದಾರೆ.

ಸಣ್ಣ ಶಾಲೆ, ಬಿಸಿಯೂಟಕ್ಕೆ ಅಡುಗೆಯವಳು ಒಬ್ಬಳೇ. ಬೈಕಿನಿಂದ ಬಿದ್ದ ಮೇಲೆ ಅವಳ ಎಡಗೈಯಲ್ಲಿ ಬಲ ಉಳಿದಿರಲಿಲ್ಲ. ಕುದಿಸುವುದು, ಬಡಿಸುವುದು ಒಂದೇ ಕೈಯಲ್ಲಿ ಸಾಗುತ್ತಿತ್ತು. ಗಂಜಿ ಬಸಿಯುವಾಗ ಮಾತ್ರ ಅನ್ನದ ದೊಡ್ಡ ಪಾತೇಲಿಯನ್ನು ತೊಡೆಗೆ ಆನಿಸಿಕೊಂಡು ಬಗ್ಗಿಸುತ್ತಿದ್ದಳು. ಒಂದು ಗುರುವಾರ ನಾನು ಕೆದಕಿ ಕೇಳಿದಾಗ ತೊಡೆಯ ಮೇಲಿನ ಸುಟ್ಟ ಗಾಯಗಳನ್ನು ತೋರಿಸಿದಳು.

"ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ," ಎಂದಳು. "ಕೈ ಇಲ್ಲದಾಕಿ ಅಂತ ತಗದ ಹಾಕ್ತಾರ. ನಮ್ಮ ಮನಿ ನಡ್ಯೂದ ಇದರ ಮ್ಯಾಲೆ."

ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟು, ಪಾತೇಲಿ ಬಗ್ಗಿಸಲು ಒಂದು ಸ್ಟ್ಯಾಂಡು ಕೇಳಲೆಂದು ಸವದತ್ತಿಯ ಅಂಗವಿಕಲರ ನೆರವಿನ ಕಚೇರಿಗೆ ಹೋದೆ. "ಮೂರ ಗಾಲಿ ಗಾಡಿ ಬೇಕೇನ್ರಿ, ಹೊಲಿಗಿ ಮಷೀನ್ ಬೇಕೇನ್ರಿ? ಅರ್ಜಿ ಕೊಡ್ರಿ," ಎಂದ ಗುಮಾಸ್ತ. "ಪಾತೇಲಿ ಬಗ್ಗಸೂ ಸ್ಟ್ಯಾಂಡ್ ಅಂದ್ರ ನಾ ಯಾವ ಫೈಲಿನ್ಯಾಗ ಹಾಕ್ಲಿ?" ಕೈಯ ಮಾತೆತ್ತದೆ ಶಾಲೆಯಲ್ಲೂ ಕೇಳಿದೆ; ಗೌರವಧನದ ಕೆಲಸದವರ ಸಲುವಾಗಿ ಇಂಥ ಖರ್ಚು ಹಾಕಲು ಬರುವುದಿಲ್ಲ ಎಂದರು.

ಕೊನೆಗೆ ಹಣ ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ, ಕಾಳುಕಡಿಯ ವ್ಯಾಪಾರಿ. ಕೈಯ ವಿಷಯ ಅವನಿಗೊಬ್ಬನಿಗೆ ಹೇಳಿದ್ದೆ. ಎರಡು ಕಂಬ, ನಡುವೆ ಪಾತೇಲಿ ಕೂರಿಸಿ ತಿರುಗಿಸುವ ಕಬ್ಬಿಣದ ಬಳೆ, ಉದ್ದನೆಯ ಹಿಡಿಕೆ. ಒಂದೇ ಕೈಗೆ ಬಗ್ಗುವಂತಿರಬೇಕು ಎಂದೆ. ವೆಲ್ಡಿಂಗ್ ಅಂಗಡಿಯವನು ನಕ್ಕ: "ನಮ್ಮ ಮನ್ಯಾಕಿಗೂ ಒಂದ ಮಾಡ್ತೇನ್ರಿ ಅಕ್ಕೋರ. ಆಕೀದೂ ಒಂದ ಕೈ ಯಾವತ್ತೂ ಮೊಬೈಲ್ ಹಿಡದಿರ್ತೈತಿ."

ನಮ್ಮ ಕಡೆ ಶಾಲೆಗೆ ಕೊಟ್ಟ ಫ್ಯಾನು, ಕಪಾಟು, ಗಂಟೆ ಎಲ್ಲದರ ಮೇಲೂ ಕೊಟ್ಟವರ ಬರಹವಿರುತ್ತದೆ. ಸ್ಟ್ಯಾಂಡಿನ ಮೇಲೂ ವ್ಯಾಪಾರಿ ಕೆಂಪು ಬಣ್ಣದಲ್ಲಿ ಬರೆಸಿದ್ದ: "ಮಾತೋಶ್ರೀಯವರ ಸ್ಮರಣಾರ್ಥ ಅಂಗವಿಕಲ ಅಡುಗೆಯವರಿಗೆ ಕಾಣಿಕೆ."

ಅದನ್ನು ಓದಿ ಅಡುಗೆಯವಳು ಸೆರಗಿನಿಂದ ಅಕ್ಷರ ತಿಕ್ಕತೊಡಗಿದಳು; ಬಣ್ಣ ಬಿಡಲಿಲ್ಲ. ನಾನು ವ್ಯಾಪಾರಿಗೆ ಫೋನು ಮಾಡಿದೆ.

"ನಾ ಏನ್ ಸುಳ್ಳ ಬರಸೇನಿ ಅಕ್ಕೋರ? ಛಲೋ ಕೆಲಸ ಮುಚ್ಚಿ ಇಡೂದ್ಯಾಕ?"

"ನಿನ್ನ ಕೆಲಸಾ ತೋರ್ಸಪಾ. ಆಕಿ ಕೈ ಯಾಕ ತೋರಸ್ತಿ?"

ಪಾಪ, ಸಂಜೆಯೇ ಬಂದು ಅಳಿಸಿದ. ಆದರೆ ಶಾಲಾ ಸಮಿತಿಯ ಸದಸ್ಯನೊಬ್ಬ ಅಷ್ಟರಲ್ಲಿ ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಸಭೆ ಕರೆದರು.

"ಹುಡುಗೂರ ಮ್ಯಾಲೆ ಬಿಸಿ ಗಂಜಿ ಚೆಲ್ಲಿದ್ರ ಯಾರ ಹೊಣಿ?" ಎಂದ ಸದಸ್ಯ.

"ಚೆಲ್ಲಬಾರದಂತನ ಸ್ಟ್ಯಾಂಡ್ ಬಂದೈತಿ," ಎಂದೆ.

"ಅದ ಖರೆರಿ. ಆದ್ರೂ ಡಾಕ್ಟರ್ ಚೀಟಿ ತರ್ಲಿ, ಕೆಲಸಕ್ಕ ತಕ್ಕಾಕಿ ಅಂತ."

ಮುಖ್ಯೋಪಾಧ್ಯಾಯರು ಒಳ್ಳೆಯವರು. ಕೈಯಲ್ಲಿ ಎಷ್ಟು ಊನವಿದೆ ಎಂಬ ಪ್ರಮಾಣಪತ್ರವನ್ನೂ ಮಾಡಿಸಿಕೊಂಡರೆ ಮುಂದೆ ಸರ್ಕಾರದಿಂದ ಏನಾದರೂ ನೆರವು ಕೇಳಬಹುದು ಎಂದರು.

ಮರುದಿನ ಅವಳು ಹಿಡಿಕೆ ಎಳೆದಳು. ಗಂಜಿ ಒಂದು ಹನಿಯೂ ಆಚೀಚೆ ಹೋಗದೆ ಇಳಿಯಿತು. ಫೋಟೋ ನೋಡಿ ಬಂದು ಬಾಗಿಲಲ್ಲಿ ನಿಂತಿದ್ದ ತಾಯಂದಿರು ಪಾತೇಲಿಯನ್ನು ನೋಡಲಿಲ್ಲ, ಅವಳ ತೋಳನ್ನೇ ನೋಡುತ್ತಿದ್ದರು.

ಎರಡೂ ಚೀಟಿಗಾಗಿ ನಾವಿಬ್ಬರೂ ಸವದತ್ತಿಯ ದವಾಖಾನೆಗೆ ಹೊರಟೆವು. ಬಸ್ಸಿನಲ್ಲಿ ಅವಳು ಕೇಳಿದಳು, "ಅಕ್ಕೋರ, ಒಂದ ಚೀಟಿಗೆ ಗಟ್ಟಿ ಕೈ ಬೇಕು, ಇನ್ನೊಂದಕ್ಕ ಸೋತ ಕೈ. ಡಾಕ್ಟರಿಗೆ ಯಾವ ಕೈ ತೋರಸ್ಲಿ?"

"ಎರಡೂ ತೋರ್ಸು."

"ತೋರ್ಸಿದ್ರ ಕೆಲಸಾ ಉಳೀತೈತೇನ್ರಿ?"

ಕಂಡಕ್ಟರ್ ನಮ್ಮ ಸ್ಟಾಪು ಕೂಗಿದ. ಇಳಿದೆವು.